ಸಣ್ಣ ಸೊಂಟದ ದೊಡ್ಡ ವಂಶ: ತುಮಕೂರು ಸೀಮೆಯ ಕಣಜ, ಜೇನು, ಇರುವೆ

ಗುಬ್ಬಿ, ಕುಣಿಗಲ್ ಕಡೆಯ ತೆಂಗಿನ ತೋಟದವರಿಗೆ ಕಣಜ ಎರಡು ರೂಪದಲ್ಲಿ ಪರಿಚಯ. ಸೂರಿನಡಿ ಗೂಡು ಕಟ್ಟಿಕೊಂಡು, ತಿಳಿಯದೆ ಕೈ ತಾಗಿಸಿದವರ ಮುಖಕ್ಕೆ ಎರಗುವುದು ಒಂದು. ಅದರ ಗೂಡಿಗೆ ಕತ್ತಲಾದ ಮೇಲೆ ಪಂಜಿನ ಉರಿ ಹಿಡಿಯುತ್ತಾರೆ. ಇನ್ನೊಂದು ಪ್ರಯೋಗಾಲಯದಿಂದ ಪುಟ್ಟ ಕೊಳವೆಯಲ್ಲಿ ಬರುವ ಗೋನಿಯೋಜಸ್. ಕಪ್ಪುತಲೆ ಹುಳು ಬಿದ್ದ ತೋಟಕ್ಕೆ ಇದನ್ನು ಬೇಕೆಂದೇ ತಂದು ಬಿಡುತ್ತಾರೆ. ಇದಕ್ಕೆ ಯಾರೂ ಕಣಜ ಎನ್ನುವುದಿಲ್ಲ. ಇಲಾಖೆಯವರು ಪರೋಪಜೀವಿ ಎನ್ನುತ್ತಾರೆ, ಮೊದಲ ಸಲ ನೋಡಿದವರು ಇರುವೆ ಎಂದುಕೊಳ್ಳುತ್ತಾರೆ. ಎರಡೂ ಒಂದೇ ವಂಶದವು. ನೀರಿನ ಟ್ಯಾಂಕಿಗೆ ಜೋತುಬಿದ್ದ ಹೆಜ್ಜೇನು, ಬೆಲ್ಲದ ಡಬ್ಬಿಗೆ ಸಾಲುಗಟ್ಟುವ ಇರುವೆ, ಅತ್ತಿಹಣ್ಣಿನೊಳಗಿನ ಹುಳ, ಇವೂ ಅದೇ ವಂಶಕ್ಕೆ ಸೇರುತ್ತವೆ. ಇವೆಲ್ಲ ಒಂದಕ್ಕೊಂದು ಏನಾಗಬೇಕು ಎಂಬ ಪ್ರಶ್ನೆಗೆ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಸಿಕ್ಕ ಉತ್ತರ ಹಳೆಯ ಪಠ್ಯಪುಸ್ತಕಗಳನ್ನು ಬದಲಿಸಿದೆ. ಆ ಉತ್ತರ ನಮ್ಮ ತೋಟಗಳಿಗೂ ಸಂಬಂಧಿಸಿದ್ದು.

ಪ್ರಾಣಿಶಾಸ್ತ್ರದಲ್ಲಿ ಈ ವಂಶದ ಹೆಸರು ಹೈಮೆನಾಪ್ಟೆರಾ. 1758ರಲ್ಲಿ ಲಿನೇಯಸ್ ಇಟ್ಟದ್ದು. ಈವರೆಗೆ ಹೆಸರು ಪಡೆದ ಪ್ರಭೇದಗಳೇ ಒಂದೂವರೆ ಲಕ್ಷ ದಾಟುತ್ತವೆ. ಕೀಟಗಳಲ್ಲಿ ಜೀರುಂಡೆಗಳದೇ ದೊಡ್ಡ ಗಣ ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. 2018ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಈ ಮಾತನ್ನು ಪ್ರಶ್ನಿಸಿತು. ಹೆಚ್ಚುಕಡಿಮೆ ಪ್ರತಿಯೊಂದು ಕೀಟದ ಮೇಲೂ ಬದುಕುವ ಪರೋಪಜೀವಿ ಕಣಜಗಳಿವೆ, ಜೀರುಂಡೆಗಳೂ ಇದಕ್ಕೆ ಹೊರತಲ್ಲ. ಹಾಗಿರುವಾಗ ಲೆಕ್ಕ ಮುಗಿದ ದಿನ ಕಣಜದ ಗಣವೇ ಎಲ್ಲಕ್ಕಿಂತ ದೊಡ್ಡದಾಗಬೇಕು ಎಂಬುದು ಅವರ ವಾದ. ನನಗೆ ಈ ವಾದ ಗಟ್ಟಿಯಾಗಿ ಕಾಣುತ್ತದೆ. ಹೆಸರಿಲ್ಲದೆ ಉಳಿದಿರುವ ಕಣಜಗಳು ಬಹುಪಾಲು ಎಳ್ಳಿಗಿಂತ ಸಣ್ಣವು, ಅವನ್ನು ಹುಡುಕುವವರೂ ಕಡಿಮೆ.

ಗಣದ ಗುರುತುಗಳು ಕೆಲವೇ. ರೆಕ್ಕೆ ನಾಲ್ಕು. ಹಿಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಕೊಕ್ಕೆಗಳು ಮುಂದಿನ ರೆಕ್ಕೆಯ ಮಡಿಕೆಗೆ ಸಿಕ್ಕಿಕೊಳ್ಳುವುದರಿಂದ ಎರಡೂ ಒಂದೇ ರೆಕ್ಕೆಯಂತೆ ಬಡಿಯುತ್ತವೆ. ಕಣಜದ ಹಳದಿ-ಕಪ್ಪು ಬಣ್ಣ ಹೊತ್ತು ತಿರುಗುವ ನೊಣಗಳೂ ಉಂಟು. ಆದರೆ ನೊಣಕ್ಕೆ ಇರುವುದು ಎರಡೇ ರೆಕ್ಕೆ. ಎರಡನೆಯ ಗುರುತು ಸೊಂಟ. ಅದು ಎದೆ ಮುಗಿದು ಹೊಟ್ಟೆ ಶುರುವಾಗುವಲ್ಲಿ ಇದೆ ಎಂದು ತೋರುತ್ತದೆ. ನಿಜದಲ್ಲಿ ಹೊಟ್ಟೆಯ ಮೊದಲ ಖಂಡ ಎದೆಗೆ ಬೆಸೆದುಹೋಗಿದೆ, ಸೊಂಟ ಅದರ ಆಚೆಗೆ ಬಂದಿದೆ. ಹೀಗಾಗಿ ಹೊಟ್ಟೆಯ ತುದಿಯನ್ನು ಬೇಕಾದ ಕಡೆಗೆ ಬಾಗಿಸಿ, ಮೊಟ್ಟೆಯಿಡುವ ನಳಿಗೆಯನ್ನು ಗುರಿ ಹಿಡಿದು ಚುಚ್ಚಲು ಆಗುತ್ತದೆ. ಈ ವಂಶದ ಮುಂದಿನ ಇತಿಹಾಸವೆಲ್ಲ ಆ ನಳಿಗೆಯದೇ.

ಸೊಂಟ ಇಲ್ಲದವೂ ಇವೆ. ಮೂಲಂಗಿ, ಸಾಸಿವೆ ಸೊಪ್ಪಿನಲ್ಲಿ ತೂತು ಮಾಡುತ್ತ, ಮುಟ್ಟಿದೊಡನೆ ಸುರುಳಿ ಸುತ್ತಿಕೊಂಡು ನೆಲಕ್ಕೆ ಬೀಳುವ ಕಪ್ಪು ಹುಳವನ್ನು ಸೊಪ್ಪು ಬೆಳೆಯುವವರೆಲ್ಲ ಕಂಡಿರುತ್ತಾರೆ. ಅದು ಚಿಟ್ಟೆಯ ಮರಿಯಲ್ಲ, ಹೆಸರಿಗೆ ಮಾತ್ರ ನೊಣವಾದ ಗರಗಸ ನೊಣದ ಮರಿ. ಹೊಟ್ಟೆಯ ಕೆಳಗಿನ ಹುಸಿಗಾಲುಗಳನ್ನು ಎಣಿಸಿದರೆ ಗೊತ್ತಾಗುತ್ತದೆ. ಚಿಟ್ಟೆ-ಪತಂಗದ ಮರಿಗೆ ಐದು ಜೊತೆಗಿಂತ ಹೆಚ್ಚಿರುವುದಿಲ್ಲ, ಇದಕ್ಕೆ ಎಂಟು. ಹೈಮೆನಾಪ್ಟೆರಾ ಶುರುವಾದದ್ದು ಸುಮಾರು 28 ಕೋಟಿ ವರ್ಷಗಳ ಹಿಂದೆ ಎಂದು 2017ರ ದೊಡ್ಡ ವಂಶವಾಹಿ ಅಧ್ಯಯನವೊಂದು ಅಂದಾಜು ಮಾಡಿತು. ಸೊಪ್ಪು ತಿನ್ನುವ ಈ ಗರಗಸ ನೊಣಗಳು ಆ ಹಳೆಯ ಜೀವನಕ್ರಮವನ್ನು ಇವತ್ತಿಗೂ ಉಳಿಸಿಕೊಂಡಿವೆ.

ಅಲ್ಲಿಂದ ಮುಂದೆ ಒಂದು ಕವಲು ಸೊಪ್ಪು ಬಿಟ್ಟು ಬೇರೆ ಕೀಟದ ಮೈಗೆ ಮೊಟ್ಟೆಯಿಡತೊಡಗಿತು. ಇದೇ ಪರೋಪಜೀವಿ ಕಣಜ. ಹೇನು, ಉಣ್ಣೆಗಳಂತೆ ಇದು ಆಸರೆ ಕೊಟ್ಟ ಜೀವಿಯನ್ನು ಬದುಕಗೊಟ್ಟು ಹೀರುವುದಿಲ್ಲ, ಕೊನೆಗೆ ಕೊಂದೇ ಹೊರಬರುತ್ತದೆ. ರೈತನಿಗೆ ಅದು ಉಪಕಾರಿ ಎನಿಸುವುದು ಇದರಿಂದಲೇ. ಇವುಗಳ ಗಾತ್ರ ನಂಬಲು ಕಷ್ಟ. ಕಾರ್ಡಿಗೆ ಅಂಟಿಸಿ ಕಬ್ಬು, ಟೊಮೇಟೊ ಹೊಲಗಳಲ್ಲಿ ಕಟ್ಟುವ ಟ್ರೈಕೋಗ್ರಾಮಾ ಒಂದು ಮಿಲಿಮೀಟರಿಗಿಂತ ಚಿಕ್ಕದು. ಅದರ ಇಡೀ ಬಾಲ್ಯ ಪತಂಗದ ಒಂದೇ ಮೊಟ್ಟೆಯೊಳಗೆ ಕಳೆಯುತ್ತದೆ.

ತುಮಕೂರು ಸೀಮೆಯಲ್ಲಿ ಈ ಬಗೆಯ ಬದುಕನ್ನು ಹತ್ತಿರದಿಂದ ನೋಡಬೇಕೆಂದರೆ ತೆಂಗಿನ ಗರಿ ಬಗ್ಗಿಸಬೇಕು. ಕಪ್ಪುತಲೆ ಹುಳು ಗರಿಯ ಅಡಿಭಾಗದಲ್ಲಿ ತನ್ನ ಹಿಕ್ಕೆ ಮತ್ತು ನೂಲು ಸೇರಿಸಿ ಸುರಂಗ ಹೆಣೆದುಕೊಂಡು, ಅದರೊಳಗೆ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ತಾಗಿದಂತೆ ಗರಿಗಳು ಕಂದಾಗಿರುತ್ತವೆ. ಗೋನಿಯೋಜಸ್ ನೆಫಾಂಟಿಡಿಸ್ ಎಂಬ ಕಣಜ ಆ ಹಿಕ್ಕೆಯ ವಾಸನೆ ಹಿಡಿದು ಬರುತ್ತದೆ. ಮೂರು ನಾಲ್ಕು ಮಿಲಿಮೀಟರ್ ಉದ್ದ, ಕಪ್ಪು ಬಣ್ಣ, ಚಪ್ಪಟೆ ತಲೆ, ಸುರಂಗದೊಳಗೆ ನುಗ್ಗಲು ತಕ್ಕ ಮೈಕಟ್ಟು. ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಹುಳುವಿನ ಮೇಲೆ ಏರಿ, ಅದು ಒದ್ದಾಡುತ್ತಿದ್ದಂತೆಯೇ ಕೊಂಡಿ ಊರುತ್ತದೆ. ಹುಳು ಮತ್ತೆ ಏಳುವುದಿಲ್ಲ, ಆದರೆ ಒಡನೆಯೇ ಸಾಯುವುದೂ ಇಲ್ಲ, ಕೆಡದೆ ಉಳಿಯುತ್ತದೆ. ತಾಯಿ ಕಣಜ ಅದರ ಮೈಮೇಲೆ, ಹೊರಗಡೆಯೇ, ಹುಳುವಿನ ಗಾತ್ರ ನೋಡಿಕೊಂಡು ಮೊಟ್ಟೆ ಅಂಟಿಸುತ್ತದೆ. ದೊಡ್ಡ ಹುಳುವಿಗೆ ಹೆಚ್ಚು, ಚಿಕ್ಕದಕ್ಕೆ ಕಡಿಮೆ.

ನನ್ನನ್ನು ಹಿಡಿದು ನಿಲ್ಲಿಸುವುದು ಇದರ ನಂತರದ ಭಾಗ. ಪರೋಪಜೀವಿಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟು ಹೊರಟುಹೋಗುತ್ತವೆ. ಗೋನಿಯೋಜಸ್ ಹೋಗುವುದಿಲ್ಲ. ಮೊಟ್ಟೆ ಒಡೆದು, ಮರಿಗಳು ಹುಳುವಿನ ಮೈಗೆ ಬಾಯಿಟ್ಟು ಹೀರಿ ಬೆಳೆದು, ಗೂಡು ನೇಯ್ದುಕೊಳ್ಳುವವರೆಗೂ ತಾಯಿ ಅಲ್ಲೇ ಕಾವಲಿರುತ್ತದೆ. ಬೇರೊಂದು ಹೆಣ್ಣು ಅದೇ ಹುಳುವನ್ನು ಕಸಿಯಲು ಬಂದರೆ ಕಾದಾಡಿ ಓಡಿಸುತ್ತದೆ. ಕಾವಲು ತಪ್ಪಿದರೆ ಬಂದವಳು ಇದ್ದ ಮೊಟ್ಟೆಗಳನ್ನು ತಿಂದು ತನ್ನವನ್ನು ಇಡುವಳು. ವರ್ಗೀಕರಣದಲ್ಲಿ ಗೋನಿಯೋಜಸ್ ಇರುವ ಜಾಗವೂ ಇಂಥದೇ ಸಂಧಿಯದು. ಬದುಕಿನ ಕ್ರಮದಲ್ಲಿ ಅದು ಪರೋಪಜೀವಿ. ಹುಟ್ಟಿನಿಂದ ಅದು ಕೊಂಡಿಗಾರರ ಬಳಗಕ್ಕೆ, ಅಂದರೆ ಹೆಜ್ಜೇನು, ಕಟ್ಟಿರುವೆ, ಸೂರಿನ ಕಣಜಗಳ ಬಳಗಕ್ಕೆ ಸೇರಿದ್ದು. ಅವುಗಳ ಪೂರ್ವಜ ಇದೇ ಎನ್ನಲಾಗದು. ಆದರೆ ಆ ಪೂರ್ವಜರು ನಡೆಸಿದ್ದಿರಬಹುದಾದ ಬದುಕನ್ನು ಇವತ್ತೂ ನಡೆಸುತ್ತಿರುವ ದಾಯಾದಿ ಇದು. ಒಂದು ಬೇಟೆ, ಅದರ ಮೇಲೆ ಮರಿಗಳು, ಬಳಿಯಲ್ಲಿ ಕಾಯುವ ತಾಯಿ. ಇದಕ್ಕೆ ಗೂಡು ಸೇರಿ, ಮಕ್ಕಳು ತಾಯಿಯನ್ನು ಬಿಟ್ಟುಹೋಗದೆ ಉಳಿದರೆ ಅದೇ ಸಂಸಾರ, ಅದೇ ಸಮಾಜ.

ಹೊರಗಿನಿಂದ ಬಂದ ಪೀಡೆಗಳ ವಿಚಾರದಲ್ಲಂತೂ ಈ ಸಣ್ಣ ಕಣಜಗಳೇ ನಮ್ಮನ್ನು ಉಳಿಸಿವೆ. ಪಪ್ಪಾಯಿ, ಹಿಪ್ಪುನೇರಳೆಗಳನ್ನು ಹಾಳುಗೆಡವಿದ ಪಪ್ಪಾಯಿ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿ ಕರ್ನಾಟಕಕ್ಕೆ ಹಬ್ಬಿತು. 2010ರಲ್ಲಿ ಪೋರ್ಟೊರಿಕೊದಿಂದ ಅಸೆರೋಫಾಗಸ್ ಪಪಾಯೇ ಎಂಬ ಕಣಜವನ್ನು ತರಿಸಿ, ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲಿ ಬೆಳೆಸಿ ಬಿಟ್ಟ ಮೇಲೆ ಅದು ಹತೋಟಿಗೆ ಬಂತು. ಆ ಸಂಸ್ಥೆಯೇ ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ. ಕುಣಿಗಲ್, ಹುಲಿಯೂರುದುರ್ಗದ ಕಡೆ ಮೈಸೂರು ತಳಿಯ ಬಿತ್ತನೆಗೂಡು ಬೆಳೆಯುವವರಿಗೆ ಉಜಿ ನೊಣದ ಕಾಟ ಹೊಸದಲ್ಲ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಹುಳುಮನೆಯಲ್ಲಿ ವಿಷ ಹೊಡೆಯುವಂತಿಲ್ಲ, ಹೊಡೆದರೆ ರೇಷ್ಮೆಹುಳುವೇ ಸಾಯುತ್ತದೆ. ಅಲ್ಲಿ ನೆಸೋಲಿಂಕ್ಸ್ ಥೈಮಸ್ ಎಂಬ ಕಣಜದ ಚೀಲಗಳನ್ನು ತೂಗುಹಾಕುತ್ತಾರೆ. ಅದು ಉಜಿಯ ಕೋಶದೊಳಗೆ ಮೊಟ್ಟೆಯಿಟ್ಟು ಮುಂದಿನ ಪೀಳಿಗೆಯನ್ನೇ ತಡೆಯುತ್ತದೆ.

ಈಚಿನದು ತೆಂಗಿನ ಸುರುಳಿ ಬಿಳಿನೊಣ. 2016ರಲ್ಲಿ ಪೊಳ್ಳಾಚಿಯಲ್ಲಿ ಮೊದಲು ಕಂಡು, ಬಳಿಕ ನಮ್ಮ ತೆಂಗಿನ ಸೀಮೆಯನ್ನೂ ಹಿಡಿಯಿತು. ಗರಿಯ ಅಡಿ ಬಿಳಿ ಮೇಣದ ಸುರುಳಿಗಳು, ಕೆಳಗಿನ ಗರಿಗಳ ಮೇಲೆ ಸಿಹಿ ಅಂಟು, ಅದರ ಮೇಲೆ ಕಪ್ಪು ಬೂಷ್ಟು. ಇದರ ಹಿಂದೆಯೇ ಎನ್‌ಕಾರ್ಸಿಯಾ ಗ್ವಾಡೆಲೂಪೇ ಎಂಬ ಕಣಜ ಯಾರೂ ತಾರದೆ ತಾನೇ ಬಂದು ನೆಲೆಯಾಯಿತು. ಅದು ತೋಟದಲ್ಲಿ ಇದೆಯೇ ಇಲ್ಲವೇ ಎಂದು ತಿಳಿಯಲು ಒಂದು ಭೂತಗನ್ನಡಿ ಸಾಕು. ಬಿಳಿನೊಣದ ಒಣಗಿದ ಕೋಶದ ಬೆನ್ನು ಸೀಳಿದ್ದರೆ ಬಿಳಿನೊಣವೇ ಹೊರಬಂದಿದೆ. ಸೂಜಿಯಲ್ಲಿ ಚುಚ್ಚಿದಂತೆ ದುಂಡನೆಯ ತೂತಿದ್ದರೆ ಹೊರಬಂದದ್ದು ಕಣಜ. ದುಂಡು ತೂತುಗಳು ಹೆಚ್ಚಿರುವ ತೋಟಕ್ಕೆ ಕೀಟನಾಶಕ ಹೊಡೆಯುವುದು ದೊಡ್ಡ ತಪ್ಪು. ಬಿಳಿನೊಣ ಮತ್ತೆ ಬರುತ್ತದೆ, ಕಣಜ ಅಷ್ಟು ಬೇಗ ಬರುವುದಿಲ್ಲ. ಬೂಷ್ಟಿಗೆ ತೆಳುವಾದ ಗಂಜಿನೀರು ಸಿಂಪಡಿಸಿ ಎಂದು ತೋಟಗಾರಿಕೆಯವರು ಹೇಳುವುದು ಈ ಕಾರಣಕ್ಕೇ.

ಎಲ್ಲ ಪರೋಪಜೀವಿಗಳೂ ಕೀಟ ತಿನ್ನುವವಲ್ಲ. ಕೆಲವು ಮತ್ತೆ ಗಿಡಕ್ಕೇ ಮರಳಿದವು. ಈ ಶತಮಾನದ ಆರಂಭದಲ್ಲಿ ನೀಲಗಿರಿ ತೋಪುಗಳ ಎಲೆದೇಟಿನಲ್ಲಿ ಗಂಟು ಎಬ್ಬಿಸಿದ ಕಣಜ ಅಂಥದು. ಅತ್ತಿ, ಆಲ, ಅರಳಿಗಳ ಕಾಯೊಳಗೆ ಬದುಕುವವೂ ಅಂಥವೇ. ಅತ್ತಿಕಾಯಿ ನಿಜದಲ್ಲಿ ಒಳಮುಖವಾಗಿ ಅರಳುವ ನೂರಾರು ಹೂಗಳ ಚೀಲ. ತುದಿಯ ಕಿರುಗಂಡಿಯಲ್ಲಿ ನುಸುಳುವ ಹೆಣ್ಣು ಕಣಜ ಅಲ್ಲೇ ರೆಕ್ಕೆ ಹರಿದುಕೊಂಡು, ಪರಾಗ ಕೊಟ್ಟು, ಮೊಟ್ಟೆಯಿಟ್ಟು ಒಳಗೇ ಸಾಯುತ್ತದೆ. ಹುಟ್ಟುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳನ್ನು ಕೂಡಿ, ಹೊರದಾರಿ ಕೊರೆದುಕೊಟ್ಟು ಮುಗಿಯುತ್ತವೆ. ಒಳಗೆ ಬಾರದೆ ಹೊರಗಿನಿಂದಲೇ ಕಾಯಿ ಕೊರೆದು ಮೊಟ್ಟೆಯಿಳಿಸುವ ಇನ್ನೊಂದು ಕಣಜವಿದೆ. ಅದರ ಕೂದಲೆಳೆಯಂಥ ನಳಿಗೆಯ ತುದಿಯಲ್ಲಿ ಸತು ಸೇರಿಕೊಂಡು ಗಟ್ಟಿಯಾಗಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2014ರಲ್ಲಿ ತೋರಿಸಿದರು. ಅತ್ತಿಹಣ್ಣು ಬಿಚ್ಚಿದರೆ ಹುಳ ಎಂದು ಜನ ಮೂಗು ಮುರಿಯುತ್ತಾರೆ. ಆ ಹುಳ ಇಲ್ಲದಿದ್ದರೆ ಅತ್ತಿಮರಕ್ಕೆ ಬೀಜವೇ ಇರುತ್ತಿರಲಿಲ್ಲ.

ಇನ್ನು ಕೊಂಡಿಯ ಕಥೆ. ಮೊಟ್ಟೆಯಿಡುವ ನಳಿಗೆ ಒಂದು ಕವಲಿನಲ್ಲಿ ಮೊಟ್ಟೆಯಿಡುವ ಕೆಲಸ ಬಿಟ್ಟು ವಿಷ ಇಳಿಸುವುದಕ್ಕೆ ಮೀಸಲಾಯಿತು, ಮೊಟ್ಟೆ ಅದರ ಬುಡದಿಂದಲೇ ಹೊರಬರತೊಡಗಿತು. ಹಾಗಾಗಿ ಚುಚ್ಚುವುದು ಹೆಣ್ಣು ಮಾತ್ರ. ಗಂಡು ಜೇನಿಗಾಗಲಿ ಗಂಡು ಕಣಜಕ್ಕಾಗಲಿ ಕೊಂಡಿ ಇಲ್ಲ. ವಿಷದ ಮೊದಲ ಉದ್ದೇಶ ಮನುಷ್ಯನನ್ನು ಓಡಿಸುವುದಲ್ಲ, ಬೇಟೆಯನ್ನು ಕೆಡದಂತೆ ಮಲಗಿಸುವುದು. ಮನೆಯ ಮೂಲೆಗಳಲ್ಲಿ ಓಡಾಡುವ ಹೊಳೆವ ಹಸಿರು-ನೀಲಿ ಬಣ್ಣದ ಆಂಪುಲೆಕ್ಸ್ ಜಿರಳೆಯ ಎದೆಗೆ ಒಮ್ಮೆ, ಬಳಿಕ ನೇರ ಮಿದುಳಿಗೆ ಒಮ್ಮೆ ಚುಚ್ಚುತ್ತದೆ. ಜಿರಳೆಗೆ ನಡೆಯುವ ಶಕ್ತಿ ಉಳಿಯುತ್ತದೆ, ತಾನಾಗಿ ಹೊರಡುವ ಮನಸ್ಸು ಉಳಿಯುವುದಿಲ್ಲ. ಕಣಜ ಅದರ ಮೀಸೆ ಹಿಡಿದು ಬಿಲದವರೆಗೆ ನಡೆಸಿಕೊಂಡು ಹೋಗುತ್ತದೆ.

ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ, ಕಿಟಕಿಯ ಸಂದಿನಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳುಗಳು ಎರಡು ಬಗೆ. ಉದ್ದುದ್ದ ಕೋಣೆಗಳನ್ನು ಪಕ್ಕಪಕ್ಕ ಕಟ್ಟಿ ಮೇಲೆ ಮಣ್ಣು ಮೆತ್ತುವುದು ಸ್ಕೆಲಿಫ್ರಾನ್. ಅದರ ಕೋಣೆ ಒಡೆದರೆ ಜೇಡಗಳು ತುಂಬಿರುತ್ತವೆ. ಕುತ್ತಿಗೆ ಇರುವ ಪುಟ್ಟ ಗಡಿಗೆ ಮಾಡುವುದು ಡೆಲ್ಟಾ. ಅದರೊಳಗೆ ಹಸಿರು ಹುಳುಗಳು. ಡೆಲ್ಟಾ ಮೊದಲು ಗಡಿಗೆಯ ಚಾವಣಿಯಿಂದ ಒಂದು ನವಿರಾದ ದಾರ ಇಳಿಬಿಟ್ಟು ಅದರ ತುದಿಗೆ ಮೊಟ್ಟೆ ತೂಗುಹಾಕುತ್ತದೆ, ಹುಳುಗಳನ್ನು ತಂದು ತುಂಬುವುದು ಆಮೇಲೆ. ಅರೆಜೀವವಾಗಿ ಮಿಸುಕುವ ಹುಳುಗಳ ನಡುವೆ ಮೊಟ್ಟೆ ನಜ್ಜಾಗದಿರಲು ಈ ಏರ್ಪಾಡು. ಕೀಟ-ಭ್ರಮರ ನ್ಯಾಯ ಹುಟ್ಟಿದ್ದು ಇಂಥ ಗೂಡು ನೋಡಿಯೇ. ಕಣಜ ಹುಳುವನ್ನು ಹಿಡಿದು ತಂದು ಗೂಡಲ್ಲಿಟ್ಟು ಗುಂಯ್‌ಗುಡುತ್ತದೆ, ಅದನ್ನೇ ಧ್ಯಾನಿಸುತ್ತ ಹುಳು ತಾನೂ ಕಣಜವಾಗುತ್ತದೆ ಎಂಬ ಈ ಮಾತು ವೇದಾಂತದಲ್ಲೂ ವಚನಗಳಲ್ಲೂ ಗುರು-ಶಿಷ್ಯರ ಸಂಬಂಧಕ್ಕೆ ದೃಷ್ಟಾಂತವಾಗಿ ಬಂತು. ಹುಳು ಒಳಗೆ ಹೋದದ್ದೂ ಕಣಜ ಹೊರಗೆ ಬಂದದ್ದೂ ನಿಜವಾದ ವೀಕ್ಷಣೆ. ಅಷ್ಟು ತಾಳ್ಮೆಯಿಂದ ಗೋಡೆ ನೋಡುತ್ತ ಕೂತವರ ಬಗ್ಗೆ ನನಗೆ ಗೌರವವಿದೆ. ಅವರ ಕಣ್ಣಿಗೆ ಬೀಳದೆ ಹೋದದ್ದು ಚಾವಣಿಯಿಂದ ತೂಗುತ್ತಿದ್ದ ಮೊಟ್ಟೆ.

ಒಂದೇ ಗೋಡೆ, ಒಂದೇ ಮಣ್ಣು, ಒಂದೇ ಹೆಸರು. ಆದರೂ ಈ ಎರಡು ಕುಂಬಾರ ಹುಳುಗಳು ಒಂದು ಮನೆತನದವಲ್ಲ. ಡೆಲ್ಟಾ ಸೂರಿನ ಕಣಜದ ದಾಯಾದಿ. ಸ್ಕೆಲಿಫ್ರಾನ್ ಜೇನಿನ ಕಡೆಯದು. ಜಿರಳೆ ಹಿಡಿಯುವ ಆಂಪುಲೆಕ್ಸ್ ಕೂಡ ಜೇನಿನ ಕಡೆಯದೇ. ಹೊರರೂಪ, ಕಸುಬು ನೋಡಿ ನಂಟು ಹೇಳಿದರೆ ಎಡವುತ್ತೇವೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ವಿಜ್ಞಾನಿಗಳೂ ಇದೇ ತೊಡಕಿನಲ್ಲಿ ಬಹುಕಾಲ ಇದ್ದರು. ಇರುವೆಯನ್ನು ಕಾಗದದ ಗೂಡಿನ ಕಣಜಗಳ ಗುಂಪಿಗೆ ಸೇರಿಸಿ, ಜೇನನ್ನು ಬೇರೆ ಇಡುವುದು ವಾಡಿಕೆಯಾಗಿತ್ತು. ಕಾಲು, ರೆಕ್ಕೆಯ ನರ, ಎದೆಯ ಫಲಕಗಳನ್ನು ಹೋಲಿಸಿ ಮಾಡಿದ ವರ್ಗೀಕರಣ ಅದು. 2013ರಲ್ಲಿ ನೂರಾರು ವಂಶವಾಹಿಗಳನ್ನು ಒಟ್ಟಿಗೆ ಹೋಲಿಸಿದಾಗ ಇರುವೆಯ ಹತ್ತಿರದ ನೆಂಟರು ಜೇನು ಮತ್ತು ಸ್ಕೆಲಿಫ್ರಾನ್ ಇರುವ ಗುಂಪು ಎಂದು ಕಂಡಿತು. 2017ರ ಅಧ್ಯಯನಗಳು ಅದನ್ನು ಗಟ್ಟಿಮಾಡಿದವು. 2018ರಲ್ಲಿ ಇನ್ನೊಂದು ಹೆಜ್ಜೆ: ಜೇನಿನ ತೀರ ಹತ್ತಿರದ ಬಂಧು ಥ್ರಿಪ್ಸ್ ನುಸಿಗಳನ್ನು ಬೇಟೆಯಾಡುವ ಒಂದು ಪುಟಾಣಿ ಕಣಜಗಳ ಗುಂಪು ಎಂದು ತಿಳಿಯಿತು. ಹೂವಿನಲ್ಲಿ ಬೀಡುಬಿಡುವ ಥ್ರಿಪ್ಸ್‌ನ ಮೈಗೆ ಪರಾಗ ಮೆತ್ತಿರುತ್ತದೆ. ಬೇಟೆಯ ಜೊತೆಗೆ ಪರಾಗವೂ ಗೂಡು ಸೇರಿ, ಕ್ರಮೇಣ ಪರಾಗವೇ ಊಟವಾಗಿ, ಬೇಟೆ ಬಿಟ್ಟುಹೋಗಿರಬಹುದು ಎಂಬ ಊಹೆ ಇದರಿಂದ ಬಲಗೊಂಡಿತು. ಒಟ್ಟಿನಲ್ಲಿ ಕಣಜ, ಜೇನು, ಇರುವೆ ಎಂದು ಮೂರು ಮನೆತನಗಳಿಲ್ಲ. ಇರುವುದು ಕಣಜದ ಒಂದೇ ದೊಡ್ಡ ಮನೆತನ. ಅದರಲ್ಲಿ ಮಾಂಸ ಬಿಟ್ಟು ಪರಾಗಕ್ಕೆ ತಿರುಗಿದ ಕವಲು ಜೇನು, ನೆಲಕ್ಕಿಳಿದು ರೆಕ್ಕೆ ತೊರೆದ ಕವಲು ಇರುವೆ. ಗೆದ್ದಲು ಈ ಮನೆತನಕ್ಕೆ ಏನೂ ಆಗಬೇಕಿಲ್ಲ. ಅದು ಜಿರಳೆಯ ಬಳಗ. ಮೊದಲ ಮಳೆಗೆ ದೀಪಕ್ಕೆ ಮುತ್ತುವ ಈಸಲು ಹುಳದ ನಾಲ್ಕು ರೆಕ್ಕೆಗಳೂ ಒಂದೇ ಅಳತೆ, ಸೊಂಟವಿಲ್ಲ, ಮೀಸೆ ನೆಟ್ಟಗೆ. ರೆಕ್ಕೆ ಬಂದ ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಸೊಂಟ ಸಣ್ಣದು, ಮೀಸೆ ಮೊಣಕೈಯಂತೆ ಬಾಗಿರುತ್ತದೆ.

ಇರುವೆಗಳ ಮಟ್ಟಿಗೆ ದಕ್ಷಿಣ ಭಾರತದ ದಾಖಲೆ ಹಳೆಯದು. ಮದ್ರಾಸ್ ಸೈನ್ಯದ ವೈದ್ಯ ಥಾಮಸ್ ಜೆರ್ಡನ್ 1851ರಲ್ಲೇ ಇಲ್ಲಿಯ ಇರುವೆಗಳ ಪಟ್ಟಿ ಪ್ರಕಟಿಸಿದ. 2016ರ ಪಟ್ಟಿಯಂತೆ ಭಾರತದಲ್ಲಿ 100 ಕುಲಗಳು, ಪ್ರಭೇದ-ಉಪಪ್ರಭೇದ ಸೇರಿ 828. ನಮ್ಮ ಜನ ಗೊದ್ದ, ಕಟ್ಟಿರುವೆ, ಕೆಂಜಿಗ ಎಂದು ಕೆಲವನ್ನು ಬೇರ್ಪಡಿಸಿ ಹೇಳುತ್ತಾರೆ. ಮಾವು, ಹಲಸಿನ ಮರದಲ್ಲಿ ಎಲೆ ಹೊಲಿದು ಗೂಡು ಮಾಡುವ ಕೆಂಜಿಗಕ್ಕೆ ಕೊಂಡಿ ಇಲ್ಲ. ಕಚ್ಚಿ, ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಎಲೆ ಹೊಲಿಯುವ ರೇಷ್ಮೆ ಬರುವುದು ದೊಡ್ಡ ಇರುವೆಯಿಂದಲ್ಲ, ಮರಿಯಿಂದ. ಒಂದು ಸಾಲು ಎರಡು ಎಲೆಗಳ ಅಂಚನ್ನು ಎಳೆದು ಹಿಡಿದಿದ್ದರೆ, ಇನ್ನು ಕೆಲವು ಬಾಯಲ್ಲಿ ಮರಿ ಕಚ್ಚಿಕೊಂಡು ಅದನ್ನು ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ತಾಗಿಸುತ್ತ ನೂಲು ಎಳೆಯುತ್ತವೆ. ಬಯಲು ಸೀಮೆಯ ಹೊಲಗಳಲ್ಲಿ ಕಾಳು ಹೊತ್ತು ಕೂಡಿಡುವ ಇರುವೆಗಳ ಬಿಲದ ಸುತ್ತ ಹೊಟ್ಟಿನ ಬಳೆ ಕಾಣುತ್ತದೆ. ಇನ್ನು ಜೆರ್ಡನ್ನನೇ ಹೆಸರಿಟ್ಟ ನೆಗೆಯುವ ಇರುವೆ, ಹಾರ್ಪೆಗ್ನಾಥಸ್ ಸಾಲ್ಟೇಟರ್, ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿದೆ. 2010ರಲ್ಲಿ ಅದರ ಜೀನೋಮ್ ಓದಲಾಯಿತು. ರಾಣಿ ಸತ್ತಾಗ ಇದರ ಕೆಲಸಗಾರ್ತಿಯರು ಮೀಸೆಗಳಿಂದ ಸೆಣಸಿ, ಗೆದ್ದವು ಮೊಟ್ಟೆಯಿಡತೊಡಗುತ್ತವೆ. ಆಗ ಅವುಗಳ ಮಿದುಳು ಸುಮಾರು ಕಾಲು ಭಾಗ ಕುಗ್ಗುತ್ತದೆ. ಪಟ್ಟ ಕಳೆದುಕೊಂಡರೆ ಮಿದುಳು ಮತ್ತೆ ಬೆಳೆಯುತ್ತದೆ ಎಂದು 2021ರಲ್ಲಿ ಗೊತ್ತಾಯಿತು.

ಜೇನೆಂದರೆ ನಮಗೆ ತುಪ್ಪ ಕೊಡುವ ನಾಲ್ಕು: ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ. ಜಗತ್ತಿನ 20 ಸಾವಿರಕ್ಕೂ ಹೆಚ್ಚು ಜೇನು ಪ್ರಭೇದಗಳಲ್ಲಿ ಬಹುಪಾಲಕ್ಕೆ ತುಪ್ಪವೂ ಇಲ್ಲ, ರಾಣಿಯೂ ಇಲ್ಲ. ಒಂದೊಂದು ತಾಯಿ ಒಂದೊಂದು ಗೂಡು. ತೊಗರಿ ಹೂವಿಗೆ ಬರುವ ಎಲೆಕತ್ತರಿ ಜೇನು, ಒಣ ಬಿದಿರಿಗೆ ತೂತು ಕೊರೆಯುವ ಕಪ್ಪು ದುಂಬಿ, ನೀಲಿ ಪಟ್ಟೆಯ ಅಮೆಗಿಲಾ ಇವೆಲ್ಲ ಹಾಗೆ. ಟೊಮೇಟೊ, ಬದನೆ ಹೂಗಳಲ್ಲಿ ಪರಾಗ ತೆರೆದಿಟ್ಟಿರುವುದಿಲ್ಲ, ಕೇಸರದ ತುದಿಯ ರಂಧ್ರದಿಂದ ಉದುರಿಸಬೇಕು. ಅಮೆಗಿಲಾ ಮತ್ತು ದುಂಬಿ ಹೂವನ್ನು ತಬ್ಬಿ ಮೈ ಅದುರಿಸಿ ಅದನ್ನು ಉದುರಿಸುತ್ತವೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬರುವುದಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಸಂಸಾರಗಳು ರಾಜ್ಯದಲ್ಲಿ ನೆಲಕಚ್ಚಿದ್ದನ್ನು ಜೇನು ಸಾಕಿದವರು ಮರೆತಿಲ್ಲ. ಒಂದೇ ಜಾತಿಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂದು ಆಗ ತಿಳಿಯಿತು. ಆದರೂ ಒಂಟಿ ಜೇನುಗಳ ಕಡೆ ನಮ್ಮ ಗಮನ ಇನ್ನೂ ಹೋಗಿಲ್ಲ ಎಂಬುದು ನನ್ನ ಅಸಮಾಧಾನ.

ಹೆಜ್ಜೇನಿನ ಭಯಕ್ಕೆ ಕಾರಣವಿದೆ. ತೆರೆದ ಬಯಲಲ್ಲಿ ಒಂದೇ ದೊಡ್ಡ ಹುಟ್ಟು ತೂಗುಹಾಕಿಕೊಂಡು ಬದುಕುವ ಜೀವಿಗೆ ರಕ್ಷಣೆ ಎಂದರೆ ತನ್ನ ಮೈಯೇ. ಕಣಜ ಹತ್ತಿರ ಬಂದರೆ ಹುಟ್ಟಿನ ಮೇಲಿನ ಸಾವಿರಾರು ಜೇನುಗಳು ಒಂದರ ಹಿಂದೊಂದು ಹೊಟ್ಟೆ ಎತ್ತಿ ಇಳಿಸುತ್ತವೆ, ಕಪ್ಪು ಅಲೆಯೊಂದು ಹರಿದಂತೆ ಕಾಣುತ್ತದೆ. ಎಷ್ಟೋ ಸಲ ಅಷ್ಟಕ್ಕೇ ಕಣಜ ಹಿಂದೆ ಸರಿಯುತ್ತದೆ. ಹೊಗೆ, ಕಲ್ಲು ತಾಗಿದರೆ ದಾಳಿ. ಚುಚ್ಚಿದಾಗ ಕೊಂಡಿ ವಿಷದ ಚೀಲದ ಸಮೇತ ಕಿತ್ತು ನಮ್ಮ ಚರ್ಮದಲ್ಲೇ ಉಳಿದು ವಿಷ ಇಳಿಸುತ್ತಲೇ ಇರುತ್ತದೆ. ಅದನ್ನು ಆದಷ್ಟು ಬೇಗ ಉಗುರಿನಿಂದ ಕೆರೆದು ತೆಗೆಯಬೇಕು. ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ, ತಲೆ ಸುತ್ತಿ ಬಿದ್ದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಉಳಿದದ್ದು ಸಮಾಜದ ಪ್ರಶ್ನೆ. ಈ ಗಣದಲ್ಲಿ ಫಲಗೊಂಡ ಮೊಟ್ಟೆ ಹೆಣ್ಣಾಗುತ್ತದೆ, ಫಲಗೊಳ್ಳದ್ದು ಗಂಡಾಗುತ್ತದೆ. ಜೇನಿನ ಗಂಡಿಗೆ ತಂದೆ ಇಲ್ಲ ಎಂದು ಪಾದ್ರಿ ಯೋಹಾನ್ ಜಿಯೆರ್ಜೋನ್ 1845ರಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಗಂಡಿಗೆ ತಂದೆ ಇಲ್ಲ, ಮಗ ಹುಟ್ಟುವುದಿಲ್ಲ, ಆದರೆ ತಾತ ಇದ್ದಾನೆ. ಗಂಡಿನಲ್ಲಿರುವುದು ಒಂದೇ ಜೊತೆಯಿಲ್ಲದ ವಂಶವಾಹಿ ಸೆಟ್ಟು. ಅದನ್ನು ಅವನು ಪ್ರತಿ ಮಗಳಿಗೂ ಇಡಿಯಾಗಿ ಕೊಡುತ್ತಾನೆ. ಆದ್ದರಿಂದ ಒಬ್ಬನೇ ತಂದೆಯ ಅಕ್ಕತಂಗಿಯರ ನಡುವಿನ ನಂಟು ನಾಲ್ಕರಲ್ಲಿ ಮೂರು ಪಾಲು, ತಾಯಿ-ಮಗಳ ನಂಟು ಅರ್ಧವೇ. ಸ್ವಂತ ಮಗಳಿಗಿಂತ ತಂಗಿಯನ್ನು ಸಾಕುವುದು ಲಾಭ ಎಂದು 1964ರಲ್ಲಿ ಬ್ರಿಟನ್ನಿನ ಹ್ಯಾಮಿಲ್ಟನ್ ಲೆಕ್ಕ ಹಾಕಿ ತೋರಿಸಿದ. ಬಂಜೆಯಾಗಿ ದುಡಿಯುವ ಕೆಲಸಗಾರ್ತಿಯರು ಹೇಗೆ ವಿಕಾಸಗೊಂಡರು ಎಂದು ಡಾರ್ವಿನ್ನನನ್ನು ಕಾಡಿದ್ದ ಪ್ರಶ್ನೆಗೆ ಇದು ಸೊಗಸಾದ ಉತ್ತರ.

ಸೊಗಸಾದ ಈ ಉತ್ತರವನ್ನು ನಮ್ಮ ಸೂರಿನ ಕಣಜದ ಮೇಲೆ ಒರೆಗೆ ಹಚ್ಚಿದವರು ರಾಘವೇಂದ್ರ ಗದಗಕರ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕಿಟಕಿಗಳಲ್ಲಿ ಕಂಡ ರೋಪಾಲಿಡಿಯಾ ಮಾರ್ಜಿನೇಟಾ ಕಣಜವನ್ನೇ ಹಿಡಿದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. ತುಮಕೂರಿನ ಯಾವ ಸೂರಿನಡಿಯಾದರೂ ಕಾಣಬಹುದಾದ, ನಾರು ಅಗಿದು ಮಾಡಿದ ಕಾಗದದ ತೆರೆದ ಗೂಡು ಇಂಥ ಕಣಜಗಳದೇ. ಒಂದೊಂದು ಕಣಜಕ್ಕೂ ಬೇರೆ ಬಣ್ಣದ ಚುಕ್ಕೆ ಇಟ್ಟು, ಯಾವುದು ಎಷ್ಟು ಹೊತ್ತು ಏನು ಮಾಡುತ್ತದೆ ಎಂದು ಬರೆದುಕೊಂಡಾಗ ಮೂರು ಸ್ವಭಾವಗಳು ಹೊರಬಿದ್ದವು. ಕೂತೇ ಇರುವವು, ಜಗಳವಾಡುವವು, ಆಹಾರ ತರುವವು. ಎಲ್ಲರನ್ನೂ ಗದರಿಸಿಕೊಂಡಿರುವುದೇ ರಾಣಿ ಇರಬೇಕು ಎಂದು ಯಾರಾದರೂ ಎಣಿಸುತ್ತಾರೆ. ಈ ಕಣಜದಲ್ಲಿ ರಾಣಿ ಸುಮ್ಮನೆ ಕೂತವರ ಗುಂಪಿನಲ್ಲಿ ಸಿಕ್ಕಳು. ಹತ್ತಿರದ ಇನ್ನೊಂದು ಪ್ರಭೇದದಲ್ಲಿ ರಾಣಿಯೇ ಜಗಳಗಂಟಿ. ಸಾಧು ರಾಣಿ ಆಳುವುದು ಹೊಡೆದಾಟದಿಂದಲ್ಲ, ಮೈಗ್ರಂಥಿಯ ವಾಸನೆಯಿಂದ ಎಂದು ಬಳಿಕ ತಿಳಿಯಿತು. ರಾಣಿಯನ್ನು ತೆಗೆದರೆ ಕೆಲಸಗಾರ್ತಿಯೊಬ್ಬಳು ಒಡನೆಯೇ ರೇಗಾಡತೊಡಗುತ್ತಾಳೆ. ರಾಣಿಯನ್ನು ಮರಳಿ ಬಿಟ್ಟರೆ ತಣ್ಣಗಾಗುತ್ತಾಳೆ. ಬಿಡದಿದ್ದರೆ ಸುಮಾರು ಒಂದು ವಾರದಲ್ಲಿ ತಾನೇ ಮೊಟ್ಟೆಯಿಡುತ್ತಾಳೆ.

ಲೆಕ್ಕದ ವಿಚಾರದಲ್ಲೂ ಈ ಕಣಜ ಹ್ಯಾಮಿಲ್ಟನ್ನನ ಮುಕ್ಕಾಲು ಪಾಲಿಗೆ ಸಿಕ್ಕಲಿಲ್ಲ. ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತಾಳೆ. ಒಂದೇ ಗೂಡಿನಲ್ಲಿ ರಾಣಿಯರು ಒಬ್ಬರ ನಂತರ ಒಬ್ಬರು ಬದಲಾಗುತ್ತಾರೆ. ಹೀಗಾಗಿ ಕೆಲಸಗಾರ್ತಿ ಸಾಕುತ್ತಿರುವುದು ಎಷ್ಟೋ ಸಲ ದೂರದ ನೆಂಟರ ಮಕ್ಕಳನ್ನು. ಆದರೂ ಅವಳು ಗೂಡು ಬಿಡುವುದಿಲ್ಲ. ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಮಕ್ಕಳೆಲ್ಲ ಹಾಳು. ಕೂಡಿ ಇದ್ದರೆ ಒಬ್ಬಳು ಬಿಟ್ಟ ಕೆಲಸವನ್ನು ಇನ್ನೊಬ್ಬಳು ಮುಂದುವರಿಸುತ್ತಾಳೆ. ಮುಂದೊಂದು ದಿನ ಪಟ್ಟ ಸಿಗುವ ಆಸೆಯೂ ಉಂಟು. ನೆಂಟಸ್ತಿಕೆಯ ಗಣಿತದ ಜೊತೆಗೆ ಬದುಕಿನ ಈ ಅಪಾಯಗಳನ್ನೂ ತೂಗಬೇಕು ಎಂಬುದು 2001ರಲ್ಲಿ ಹಾರ್ವರ್ಡ್ ಪ್ರೆಸ್ ಪ್ರಕಟಿಸಿದ ಗದಗಕರರ ಗ್ರಂಥದ ಮುಖ್ಯ ಮಾತು. ತೆಂಗಿನ ಗರಿಯಲ್ಲಿ ಕಾವಲಿರುವ ಗೋನಿಯೋಜಸ್ ಕೂಡ ಅದೇ ಅಪಾಯಕ್ಕೆ ಕಟ್ಟುಬಿದ್ದದ್ದು. ತಾಯಿ ಎದ್ದುಹೋದರೆ ಮೊಟ್ಟೆಗಳು ಬೇರೊಬ್ಬಳ ಪಾಲಾಗಬಹುದು.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ಜಿಲ್ಲೆಯ ಕಣಜಗಳನ್ನು ಗುರುತಿಸಲು ಹೊರಟರೆ ಇವತ್ತೂ ಕೈಗೆತ್ತಿಕೊಳ್ಳಬೇಕಾದ ಪುಸ್ತಕಗಳಲ್ಲಿ ಕೀಟಶಾಸ್ತ್ರಜ್ಞ ಬಿಂಗ್‌ಹ್ಯಾಮ್ 1897 ಮತ್ತು 1903ರಲ್ಲಿ ಬರೆದ ಎರಡು ಸಂಪುಟಗಳೂ ಸೇರಿವೆ. ಪರೋಪಜೀವಿಗಳ ಬಹುಭಾಗ ಅವುಗಳಲ್ಲಿ ಇಲ್ಲ. ಅವನ್ನು ಕೂಡಿಸಿ ಪಟ್ಟಿಮಾಡುವ ಕೆಲಸಕ್ಕೆ ದೊಡ್ಡ ಉಪಕರಣ ಬೇಡ. ಹಳದಿ ಬಣ್ಣದ ಅಗಲ ತಟ್ಟೆಗೆ ನೀರು ತುಂಬಿ, ಎರಡು ತೊಟ್ಟು ಸೋಪಿನ ದ್ರವ ಬಿಟ್ಟು, ಬೆಳಿಗ್ಗೆ ಬದುವಿನ ಮೇಲೆ ಇಟ್ಟರೆ ಸಂಜೆಗೆ ಬರಿಗಣ್ಣಿಗೆ ದೂಳಿನಂತೆ ಕಾಣುವ ಕಣಜಗಳು ಅದರಲ್ಲಿ ಮುಳುಗಿರುತ್ತವೆ. ಬಟ್ಟೆಯಲ್ಲಿ ಸೋಸಿ ಆಲ್ಕೊಹಾಲಿಗೆ ಹಾಕಿ, ಊರು, ತಾರೀಕು, ಬೆಳೆ ಬರೆದ ಚೀಟಿಯನ್ನು ಒಳಗೇ ಇಟ್ಟರೆ ಹೆಬ್ಬಾಳದ ತಜ್ಞರು ನೋಡಬಹುದಾದ ಮಾದರಿ ಸಿದ್ಧ. ತುಮಕೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು, ಗುಬ್ಬಿ, ಕುಣಿಗಲ್ಲಿನ ಕಾಲೇಜುಗಳವರು ತೆಂಗಿನ ಸಾಲಿನಲ್ಲಿ ಒಂದು, ರಾಗಿ ಹೊಲದಲ್ಲಿ ಒಂದು, ಹಿಪ್ಪುನೇರಳೆ ತೋಟದಲ್ಲಿ ಒಂದು ತಟ್ಟೆಯನ್ನು ವರ್ಷವಿಡೀ ತಿಂಗಳಿಗೊಮ್ಮೆ ಇಟ್ಟರೆ, ಔಷಧಿ ಹೊಡೆದ ತೋಟದಲ್ಲಿ ಯಾವ ಕಣಜ ಕಾಣೆಯಾಯಿತು, ಹೊಡೆಯದ ತೋಟದಲ್ಲಿ ಯಾವುದು ಉಳಿಯಿತು ಎಂಬುದಕ್ಕೂ ಲೆಕ್ಕ ಸಿಗುತ್ತದೆ.